ತಾವರೆಯಲ್ಲಿರಿಸಿದ ಅಕ್ಕಿ: ಸುಕುಮಾರನ ಊಟ ಮತ್ತು ಹಳೆಯ ಕಾಲದ ಶಿಶುಪೋಷಣೆ

‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯಲ್ಲಿ ಒಂದು ಊಟದ ಸನ್ನಿವೇಶವಿದೆ. ಉಜ್ಜಯಿನಿಯ ಅರಸ ವೃಷಭಾಂಕನು ತನ್ನ ಬೊಕ್ಕಸಕ್ಕೆ ನಿಲುಕದ ರತ್ನಕಂಬಳಿಯನ್ನು ವಣಿಕ ಮನೆತನದ ಯಶೋಭದ್ರೆಯೆಂಬವಳು ಕೊಂಡು, ತುಂಡರಿಸಿ, ಮೂವತ್ತೆರಡು ಮಂದಿ ಸೊಸೆಯರಿಗೆ ಹಂಚಿದಳೆಂಬ ಸುದ್ದಿಯನ್ನು ಕೇಳಿ ಬೆರಗಾಗುತ್ತಾನೆ. ಅಂಥ ಸಿರಿವಂತಿಕೆಯನ್ನೂ ಅವಳ ಮಗ ಸುಕುಮಾರನನ್ನೂ ಕಣ್ಣಾರೆ ಕಾಣಬೇಕೆಂದು ಅವಳ ಮನೆಗೆ ಬರುತ್ತಾನೆ. ಅರಸನನ್ನೂ ಮಗನನ್ನೂ ಒಂದೇ ಪೀಠದಲ್ಲಿ ಕುಳ್ಳಿರಿಸಿ, ಮಂಗಲಕ್ಕೆಂದು ಬಿಳಿಸಾಸಿವೆಯನ್ನು ಎರಚಿ, ಆರತಿಯನ್ನೆತ್ತಲಾಗುತ್ತದೆ. ದೀಪದ ಬೆಳಕಿಗೆ ಸುಕುಮಾರನ ಕಣ್ಣಲ್ಲಿ ನೀರು ತುಂಬುತ್ತದೆ. ಕುಳಿತಲ್ಲಿ ಅವನು ನೆಮ್ಮದಿಯಾಗಿ ಕೂರಲಾರ. ಉಣ್ಣಲು ಕುಳಿತಾಗ ಕೆಲವು ಅಗುಳನ್ನು ನುಂಗುತ್ತಾನೆ, ಕೆಲವನ್ನು ಉಗುಳುತ್ತಾನೆ. ಇದನ್ನೆಲ್ಲ ಗಮನಿಸಿದ ಅರಸನಿಗೆ ಈ ತರುಣನಿಗೆ ಮೂರು ವ್ಯಾಧಿಗಳಿವೆಯೆಂದು ತೋರುತ್ತದೆ. ಇಷ್ಟು ಸಂಪತ್ತಿದ್ದೂ ಚಿಕಿತ್ಸೆ ಮಾಡಿಸದಿರುವುದೇಕೆಂದು ತಾಯಿಯನ್ನು ಕೇಳುತ್ತಾನೆ.

ಅವು ವ್ಯಾಧಿಗಳಲ್ಲವೆಂಬುದು ತಾಯಿಯ ಉತ್ತರ. ರತ್ನದ ಬೆಳಕಿನಲ್ಲಷ್ಟೇ ಬೆಳೆದವನಿಗೆ ದೀಪದ ಉರಿ ತಡೆಯದು. ಪೀಠದ ಮೇಲೆ ಬಿದ್ದ ಸಾಸಿವೆ ಅವನ ಮೈಗೆ ಒತ್ತಿದೆ. ಇನ್ನು ಊಟದ ವಿಷಯ: ಸಂಜೆ ತಾವರೆ ಮುಚ್ಚಿಕೊಳ್ಳುವ ಮುನ್ನ ಅದರೊಳಗೆ ಅಕ್ಕಿಯನ್ನಿರಿಸಿ, ಇರುಳೆಲ್ಲ ಹೂವಿನ ಕಂಪನ್ನು ಹೀರಿದ ಆ ಅಕ್ಕಿಯನ್ನು ಮರುದಿನ ತೆಗೆದು ಬೇಯಿಸಿದ ಅನ್ನವನ್ನೇ ಅವನು ಉಣ್ಣುವುದು. ಈ ದಿನ ಅರಸನೂ ಊಟಕ್ಕೆ ನಿಂತದ್ದರಿಂದ ಆ ಅಕ್ಕಿ ಸಾಲದೆ ಬೇರೆ ಅಕ್ಕಿಯನ್ನು ಬೆರೆಸಬೇಕಾಯಿತು. ಸುಕುಮಾರನು ತನಗೆ ರೂಢಿಯಾದ ಅಗುಳನ್ನು ಇಟ್ಟುಕೊಂಡು ಉಳಿದುದನ್ನು ಹೊರಹಾಕುತ್ತಿದ್ದಾನೆ, ಅಷ್ಟೆ. ಅರಸನು ಬೆರಗಾಗಿ ಅವನಿಗೆ ‘ಅವಂತಿಸುಕುಮಾರ’ನೆಂಬ ಹೆಸರನ್ನು ಕೊಡುತ್ತಾನೆ.

ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದಂದಿನಿಂದ ಈ ಕಥೆ ಕನ್ನಡ ತರಗತಿಗಳಿಗೆ ಚಿರಪರಿಚಿತ. ಸುಮಾರು 920ರ ಗದ್ಯದ ಸೊಗಸನ್ನು ತೋರಿಸಲು ಅಧ್ಯಾಪಕರು ಹೆಚ್ಚಾಗಿ ಆರಿಸಿಕೊಳ್ಳುವ ಭಾಗಗಳಲ್ಲಿ ಇದೂ ಒಂದು. ಊಟದ ಪ್ರಸಂಗವನ್ನು ವಿವರಿಸುವಾಗ ಸಾಮಾನ್ಯವಾಗಿ ಬರುವ ಮಾತು ‘ಅತಿಶಯೋಕ್ತಿ’ ಎಂಬುದು: ವಣಿಕರ ಐಶ್ವರ್ಯವನ್ನೂ ನಾಯಕನ ಸೌಕುಮಾರ್ಯವನ್ನೂ ಹಿಗ್ಗಿಸಿ ಹೇಳಿ, ಮುಂದಿನ ಘೋರ ಉಪಸರ್ಗಕ್ಕೆ ಹಿನ್ನೆಲೆಯನ್ನು ಕಟ್ಟಿಕೊಳ್ಳುವ ತಂತ್ರ. ಈ ವಿವರಣೆ ತಪ್ಪಲ್ಲ, ಆದರೆ ಸಾಲದು. ಅತಿಶಯೋಕ್ತಿಯೆಂಬ ಹಣೆಪಟ್ಟಿ ಬಿದ್ದೊಡನೆ ಪ್ರಸಂಗದ ಒಳಗಿನ ಒಂದು ಸೂಕ್ಷ್ಮ ಮರೆಯಾಗುತ್ತದೆ. ಇಲ್ಲಿ ಒಬ್ಬ ಮಗ ಅನ್ನವನ್ನು ಉಗುಳುತ್ತಾನೆ. ಅದಕ್ಕೆ ಕಾರಣವೇನೆಂಬ ವಿಷಯದಲ್ಲಿ ನೋಡಿದವರೊಳಗೆ ಭಿನ್ನಾಭಿಪ್ರಾಯವಿದೆ. ಮಗು ಉಣ್ಣದಿದ್ದರೆ ಅದು ರೋಗವೋ, ಹುಟ್ಟುಗುಣವೋ, ಬೆಳೆಸಿದ ಬಗೆಯೋ ಎಂಬುದು ಎಲ್ಲ ಕಾಲದ ತಾಯಂದಿರ ಪ್ರಶ್ನೆ. ಕನ್ನಡ ಗದ್ಯ ಆ ಪ್ರಶ್ನೆಯನ್ನು ತನ್ನ ಮೊದಲ ದೊಡ್ಡ ಕೃತಿಯ ಮೊದಲ ಕಥೆಯಲ್ಲಿಯೇ ಎತ್ತಿಕೊಂಡಿದೆ.

ಗ್ರಂಥಪರಂಪರೆಯ ಕಡೆಯಿಂದ ನೋಡಿದರೂ ಈ ಪ್ರಸಂಗ ಗಮನಾರ್ಹ. ‘ವಡ್ಡಾರಾಧನೆ’ಯ ಕಥೆಗಳೆಲ್ಲ ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥದ ಒಂದೊಂದು ಪ್ರಾಕೃತ ಗಾಹೆಯನ್ನು ಆಧಾರವಾಗಿಟ್ಟುಕೊಂಡು ಬೆಳೆದವು. ಸುಕುಮಾರನಿಗೆ ಸಂಬಂಧಿಸಿದ ಗಾಹೆಯಲ್ಲಿರುವುದು ಇಷ್ಟೇ: ಮೂರು ಇರುಳು ನರಿಯಿಂದ ತಿನ್ನಿಸಿಕೊಳ್ಳುತ್ತ, ಘೋರ ವೇದನೆಯಲ್ಲಿಯೂ, ಅವಂತಿಸುಕುಮಾಲನು ಧ್ಯಾನದಿಂದ ಆರಾಧನೆಯನ್ನು ಸಾಧಿಸಿದನು. ಅದರಲ್ಲಿ ತಾವರೆಯಿಲ್ಲ, ಅಕ್ಕಿಯಿಲ್ಲ, ಕಂಬಳಿಯಿಲ್ಲ; ತಾಯಿಯೂ ಇಲ್ಲ. ಇರುವುದು ಕೋಮಲತೆಯನ್ನು ಸೂಚಿಸುವ ಹೆಸರೊಂದೇ. ಕಥೆಗಾರರ ಪರಂಪರೆ ಆ ಹೆಸರಿಗೆ ಅರ್ಥ ತುಂಬಲು ಹೊರಟಾಗ ಅವನ ಊಟದ ತಟ್ಟೆಯನ್ನೂ ಅದನ್ನು ಬಡಿಸಿದ ಕೈಯನ್ನೂ ತೋರಿಸಿತು. ಗಾಹೆ ಸಾವನ್ನು ಹೇಳಿತು, ಕಥೆ ಸಾಕಿದ ರೀತಿಯನ್ನು ಸೇರಿಸಿತು.

ಆ ಸಾಕಣೆಯನ್ನು ಅಳೆಯಲು ಅದೇ ಕಾಲದ ಜನರ ಕೈಯಲ್ಲಿದ್ದ ಅಳತೆಗೋಲನ್ನು ಮೊದಲು ನೋಡಬೇಕು. ಭಾರತೀಯ ವೈದ್ಯ ಶಿಶುವಿನ ಆಹಾರವನ್ನು ಒಂದು ಕ್ರಮವಾಗಿ ಕಂಡಿತ್ತು. ಸುಶ್ರುತಸಂಹಿತೆ ಬಾಲ್ಯವನ್ನು ಕ್ಷೀರಪ, ಕ್ಷೀರಾನ್ನಾದ, ಅನ್ನಾದ ಎಂದು ಮೂರಾಗಿ ವಿಂಗಡಿಸುತ್ತದೆ: ಒಂದು ವರ್ಷದವರೆಗೆ ಹಾಲನ್ನು ಕುಡಿಯುವವನು, ಎರಡು ವರ್ಷದವರೆಗೆ ಹಾಲನ್ನೂ ಅನ್ನವನ್ನೂ ಉಣ್ಣುವವನು, ಆಮೇಲೆ ಅನ್ನವನ್ನು ಉಣ್ಣುವವನು. ವಯಸ್ಸನ್ನು ಹೆಸರಿಸಲು ಆಹಾರವನ್ನೇ ಆರಿಸಿಕೊಂಡದ್ದು ಸೊಗಸಾದ ಕ್ರಮ. ಆರನೆಯ ತಿಂಗಳಿಗೆ ಲಘುವೂ ಹಿತವೂ ಆದ ಅನ್ನವನ್ನು ಕೊಡಬೇಕೆಂದು ಸುಶ್ರುತನ ಮಾತು. ಕಾಶ್ಯಪಸಂಹಿತೆ ಇನ್ನೂ ನಿಧಾನ: ಆರನೆಯ ತಿಂಗಳಲ್ಲಿ ಹಣ್ಣು, ಅನ್ನಪ್ರಾಶನ ಹತ್ತನೆಯ ತಿಂಗಳಲ್ಲಿ. ಮಕ್ಕಳ ವೈದ್ಯಕ್ಕೇ ಮೀಸಲಾದ ಈ ಗ್ರಂಥದ ಅಪೂರ್ಣ ಹಸ್ತಪ್ರತಿ ನೇಪಾಳದಲ್ಲಿ ದೊರೆತು 1938ರಲ್ಲಿ ಅಚ್ಚಾಯಿತು. ಅದರಲ್ಲಿ ಶಿಶುವಿನ ಮೊದಲ ಅನ್ನದ ವಿವರ ಅಡುಗೆಮನೆಯ ಮಾತಿನಷ್ಟೇ ಸ್ಪಷ್ಟ. ಶಾಲಿ ಅಥವಾ ಷಷ್ಟಿಕದ ಹಳೆಯ ಅಕ್ಕಿ, ಅದರ ಹೊಟ್ಟು ತೆಗೆದಿರಬೇಕು. ಜಿಡ್ಡನ್ನೂ ಉಪ್ಪನ್ನೂ ಸೇರಿಸಿ ನೆಕ್ಕಲು ಬರುವಂತೆ ಮಾಡಬೇಕು. ಗೋಧಿ, ಜವೆಗಳ ಹಿಟ್ಟನ್ನು ಮಗುವಿಗೆ ಒಗ್ಗುವುದನ್ನು ನೋಡಿಕೊಂಡು ಕೊಡಬೇಕು. ಇಂದಿಗೂ ಕರ್ನಾಟಕದ ಬಾಣಂತಿಯ ಕೋಣೆಯಲ್ಲಿ ಬಟ್ಟೆಯಲ್ಲಿ ಸೋಸಿದ ರಾಗಿಸರಿಯನ್ನು ಮೊದಲು ನೀರಾಗಿ, ಆಮೇಲೆ ಗಟ್ಟಿಯಾಗಿ ಕೊಡುವ ಕ್ರಮದಲ್ಲಿ ಇದೇ ತರ್ಕವಿದೆ. ಧಾನ್ಯ ಬೇರೆ, ಅಷ್ಟೇ.

‘ಒಗ್ಗುವುದು’ ಎಂಬುದಕ್ಕೆ ಶಾಸ್ತ್ರದ ಮಾತು ‘ಸಾತ್ಮ್ಯ’. ಮೈ ಯಾವುದಕ್ಕೆ ಹೊಂದಿಕೊಂಡಿದೆಯೋ ಅದು ಸಾತ್ಮ್ಯ. ಅಭ್ಯಾಸದಿಂದ ಬಂದ ಹೊಂದಿಕೆಗೆ ‘ಓಕಸಾತ್ಮ್ಯ’ವೆಂದು ಬೇರೆ ಹೆಸರೇ ಇದೆ. ಅಭ್ಯಾಸದಿಂದ ಬಂದದ್ದನ್ನು ಅಭ್ಯಾಸದಿಂದಲೇ ಬದಲಿಸಬಹುದೆಂಬುದು ಚರಕನ ನಿಲುವು. ಅಹಿತವಾದುದನ್ನು ಒಮ್ಮೆಗೇ ಬಿಡದೆ, ಹಿತವಾದುದನ್ನು ಒಮ್ಮೆಗೇ ಹೇರದೆ, ಕಾಲುಭಾಗದ ಲೆಕ್ಕದಲ್ಲಿ ಒಂದನ್ನು ತಗ್ಗಿಸುತ್ತ ಇನ್ನೊಂದನ್ನು ಹೆಚ್ಚಿಸುವ ಕ್ರಮವನ್ನು ಸೂತ್ರಸ್ಥಾನದಲ್ಲಿ ಅವನು ಹೇಳುತ್ತಾನೆ. ಯಶೋಭದ್ರೆಯ ಅಡುಗೆಮನೆಯಲ್ಲಿ ಆ ದಿನ ನಡೆದದ್ದು ಇದರ ವಿಪರೀತ. ಎಷ್ಟೋ ವರ್ಷ ಒಂದೇ ಬಗೆಯ ಅಕ್ಕಿ. ಆಮೇಲೆ ಒಂದು ದಿನ, ಮುನ್ಸೂಚನೆಯಿಲ್ಲದೆ, ಬೆರಕೆ.

ಜೈನ ಗೃಹಸ್ಥನ ಸಂಸ್ಕಾರಕ್ರಮದಲ್ಲಿಯೂ ಮೊದಲ ಅನ್ನಕ್ಕೆ ನಿಶ್ಚಿತ ಸ್ಥಾನವಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತ ‘ಆದಿಪುರಾಣ’ದಲ್ಲಿ ಐವತ್ಮೂರು ಗರ್ಭಾನ್ವಯಕ್ರಿಯೆಗಳನ್ನು ಎಣಿಸುತ್ತಾರೆ. ಮಗುವನ್ನು ಮೊದಲ ಬಾರಿಗೆ ಹೊರಗೆ ಕರೆದೊಯ್ಯುವ ಬಹಿರ್ಯಾನ, ಆಸನದ ಮೇಲೆ ಕೂರಿಸುವ ನಿಷದ್ಯಾ, ಅನಂತರ ಏಳೆಂಟು ತಿಂಗಳಾದಾಗ ಜಿನಪೂಜಾಪೂರ್ವಕವಾಗಿ ಅನ್ನಪ್ರಾಶನ. ಈ ಅನುಕ್ರಮ ಕೇವಲ ಶಾಸ್ತ್ರಾಚಾರವಲ್ಲ. ಹೊರಗಿನ ಲೋಕವನ್ನು ಕಂಡು, ತಾನಾಗಿ ಕುಳಿತು, ಆಮೇಲೆ ಮಗು ಅನ್ನಕ್ಕೆ ಬರುತ್ತದೆ. ‘ವಡ್ಡಾರಾಧನೆ’ಗೆ ಸುಮಾರು ಎಪ್ಪತ್ತು ಎಂಬತ್ತು ವರ್ಷ ಮೊದಲು, ಅದೇ ಕನ್ನಡ ನೆಲದ ಅರಸನ ಆಶ್ರಯದಲ್ಲಿ ಇದು ಬರೆಯಲ್ಪಟ್ಟಿತೆಂಬುದನ್ನು ನೆನೆದರೆ ಸುಕುಮಾರನ ಮನೆಯ ಚಿತ್ರ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಬಹಿರ್ಯಾನವೇ ಇಲ್ಲದ ಬಾಳು. ದೀಪವನ್ನೇ ಸಹಿಸದ ಕಣ್ಣು, ಸಾಸಿವೆಯನ್ನೇ ಸಹಿಸದ ಮೈ, ಎರಡನೆಯ ಅಕ್ಕಿಯನ್ನೇ ಅರಿಯದ ನಾಲಗೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಜೈನರ ಅಡುಗೆಮನೆಯೇ ನಿಷೇಧಗಳಿಂದ ಕಟ್ಟಿದ್ದು, ಅಲ್ಲಿ ವೈವಿಧ್ಯಕ್ಕೆ ಎಡೆಯೆಲ್ಲಿ ಎಂದು. ಮದ್ಯ, ಮಾಂಸ, ಮಧುಗಳ ತ್ಯಾಗ ಸಮಂತಭದ್ರರು ‘ರತ್ನಕರಂಡಕ’ದಲ್ಲಿ ಹೇಳುವ ಮೂಲಗುಣಗಳಲ್ಲಿ ಸೇರಿದೆ. ಅಮೃತಚಂದ್ರರಲ್ಲಿ ಅದರೊಡನೆ ಅತ್ತಿಯ ಜಾತಿಯ ಐದು ಹಣ್ಣುಗಳೂ ವರ್ಜ್ಯ. ಮಗುವಿನ ವಿಷಯದಲ್ಲಿ ಇವುಗಳಲ್ಲಿ ನಿಜವಾದ ತೊಡಕು ಜೇನಿನದು. ಹುಟ್ಟಿದ ಶಿಶುವಿನ ನಾಲಗೆಗೆ ಚಿನ್ನ, ತುಪ್ಪ, ಜೇನುಗಳನ್ನು ಸವರುವುದರಿಂದ ಹಿಡಿದು ಬಜೆ ಮೊದಲಾದವನ್ನು ಅರೆದು ನೆಕ್ಕಿಸುವ ಲೇಹಗಳವರೆಗೆ ಆಯುರ್ವೇದದ ಶಿಶುಚಿಕಿತ್ಸೆ ಜೇನಿನ ಮೇಲೆ ನಿಂತಿದೆ. ಜೈನ ವೈದ್ಯರು ತಮ್ಮದೇ ಆದ ವೈದ್ಯಗ್ರಂಥಗಳನ್ನು ಬರೆಯಬೇಕಾಯಿತೆಂಬುದಕ್ಕೆ ಇಂಥ ತೊಡಕುಗಳೂ ಕಾರಣ. ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಮಾಂಸಭೋಜನದ ನಿರಾಕರಣೆಗೆಂದೇ ಒಂದು ಪ್ರಕರಣವಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದದ್ದೂ ಇದೇ ಪರಂಪರೆಯ ಮುಂದುವರಿಕೆ.

ಆದರೆ ನಿಷೇಧವೂ ಏಕತಾನತೆಯೂ ಒಂದೇ ಅಲ್ಲವೆಂಬುದಕ್ಕೆ ಕನ್ನಡದಲ್ಲಿಯೇ ಉತ್ತಮ ಸಾಕ್ಷ್ಯವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ ಶಾಕಾಹಾರದ ಗಡಿಯೊಳಗೇ ನಿಂತು ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ಕಾಯಿಪಲ್ಯಗಳು ಎಂದು ಹರಡಿಕೊಳ್ಳುತ್ತದೆ. ಬಹುಬೀಜವೆಂದು ಕಟ್ಟಾಚಾರದ ಶ್ರಾವಕರು ದೂರವಿಡುವ ಬದನೆಕಾಯಿಗೂ ಅಲ್ಲಿ ಧಾರಾಳವಾಗಿ ಜಾಗ ದೊರೆತಿದೆ. ಕವಿಯ ನಾಲಗೆ ಶಾಸ್ತ್ರಕ್ಕಿಂತ ತುಸು ಉದಾರವಾಗಿತ್ತೆನ್ನಬೇಕು. ಸುಮಾರು 1025ರ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿಯೂ ಸೂಪಶಾಸ್ತ್ರವಿದೆ, ಸುಗಂಧದ್ರವ್ಯಗಳ ವಿಚಾರವೂ ಇದೆ. ಅಕ್ಕಿಗೆ ಹೂವಿನ ಕಂಪನ್ನು ಹಿಡಿಸುವುದು ಅಂಥ ಗ್ರಂಥಗಳ ಓದುಗರಿಗೆ ಅಸಂಭವವೆನಿಸುವ ಸಂಗತಿಯಾಗಿರಲಿಲ್ಲ. ಅಂದಮೇಲೆ ದೋಷ ತಾವರೆಯ ಅಕ್ಕಿಯಲ್ಲಿಲ್ಲ, ಅದೊಂದೇ ಅಕ್ಕಿಯಾದುದರಲ್ಲಿದೆ. ಈ ಪಾಕಗ್ರಂಥಗಳ ಒಂದು ಮಿತಿಯನ್ನೂ ಹೇಳಬೇಕು. ಮಂಗರಸನ ಅಧ್ಯಾಯಗಳು ಪದಾರ್ಥವನ್ನನುಸರಿಸಿ ವಿಂಗಡಣೆಯಾಗಿವೆ, ಉಣ್ಣುವವರನ್ನನುಸರಿಸಿ ಅಲ್ಲ. ಪಾಕಶಾಸ್ತ್ರ ಪದಾರ್ಥವನ್ನು ಬಲ್ಲದು, ವೈದ್ಯಶಾಸ್ತ್ರ ಮಗುವಿನ ವಯಸ್ಸನ್ನು ಬಲ್ಲದು. ತಟ್ಟೆಯ ಮುಂದೆ ಬಾಯಿ ಬಿಗಿಹಿಡಿದು ಕುಳಿತ ಮಗುವನ್ನು ಬಲ್ಲದ್ದು ಕಥೆ ಮತ್ತು ಹಾಡು.

ಬಾಯಿ ಬಿಗಿಹಿಡಿದ ಮಗುವನ್ನು ವೈದ್ಯ ಕಂಡಿತ್ತಾದರೂ ಭಯದಿಂದ ಕಂಡಿತ್ತು. ಶಿಶುವು ಮೊಲೆಯುಣ್ಣಲು ಒಲ್ಲೆನೆನ್ನುವುದು ಬಾಲಗ್ರಹ ಹಿಡಿದುದರ ಲಕ್ಷಣಗಳಲ್ಲೊಂದು. ಸುಶ್ರುತನು ಒಂಬತ್ತು ಗ್ರಹಗಳನ್ನು ಹೆಸರಿಸುತ್ತಾನೆ: ಸ್ಕಂದ, ಸ್ಕಂದಾಪಸ್ಮಾರ, ಶಕುನಿ, ರೇವತಿ, ಪೂತನಾ, ಅಂಧಪೂತನಾ, ಶೀತಪೂತನಾ, ಮುಖಮಂಡಿಕಾ, ನೈಗಮೇಷ. ಕೊನೆಯವನಾದ ನೈಗಮೇಷನು ಶ್ವೇತಾಂಬರ ಪರಂಪರೆಯಲ್ಲಿ ಮಹಾವೀರರ ಗರ್ಭವನ್ನು ಸಾಗಿಸಿದ ಹರಿಣೇಗಮೇಷಿಯಾಗಿ ಪೂಜ್ಯನೂ ಆಗಿರುವುದು ಕುತೂಹಲಕರ. ಮಕ್ಕಳನ್ನು ಕಾಡುವವನೂ ಕಾಯುವವನೂ ಒಬ್ಬನೇ. ಕನ್ನಡದಲ್ಲಿ ಈ ವಿಷಯಕ್ಕೆಂದೇ ಒಂದು ಗ್ರಂಥವಿದೆ. ಸುಮಾರು 1200ರ ಕಾಲದ ಜೈನ ಮುನಿ ದೇವೇಂದ್ರನ ‘ಬಾಲಗ್ರಹಚಿಕಿತ್ಸೆ’ಯನ್ನು ಸಾಹಿತ್ಯಚರಿತ್ರೆಗಳು ಒಂದು ಸಾಲಿನಲ್ಲಿ ಹೆಸರಿಸಿ ಮುಂದೆ ಸಾಗುತ್ತವೆ. ಸರ್ವಸಂಗಪರಿತ್ಯಾಗಿಯಾದ ಮುನಿಯೊಬ್ಬ ಊರ ತೊಟ್ಟಿಲುಗಳ ಚಿಂತೆಯನ್ನು ತನ್ನದಾಗಿಸಿಕೊಂಡನೆಂಬುದು ಒಂದು ಸಾಲಿಗೆ ಮೀರಿದ ಗಮನಕ್ಕೆ ಯೋಗ್ಯ. ಅರ್ಧಕ್ಕರ್ಧ ಮಕ್ಕಳು ಉಳಿಯುತ್ತವೋ ಇಲ್ಲವೋ ಎಂದು ಅಂಜುವ ಕಾಲದಲ್ಲಿ ಹಾಲು ಬೇಡವೆಂದ ಶಿಶುವಿನ ತಾಯಿಗೆ ಅದು ಹಟವೆಂದು ಕಾಣುವುದು ಸಾಧ್ಯವಿರಲಿಲ್ಲ. ವೃಷಭಾಂಕನು ಸುಕುಮಾರನಲ್ಲಿ ವ್ಯಾಧಿಯನ್ನು ಕಂಡದ್ದು ಅವನ ಅಜ್ಞಾನವಲ್ಲ. ತನ್ನ ಕಾಲದ ಸಹಜ ತಿಳಿವಳಿಕೆ.

ಇದೇ ಗ್ರಹಗಳು ಮನೆಯೊಳಗೆ ಇನ್ನೊಂದು ಕೆಲಸಕ್ಕೂ ಒದಗಿದುವು. ಉಣ್ಣದ ಮಗುವನ್ನು ಅವುಗಳ ಹೆಸರು ಹೇಳಿ ಹೆದರಿಸುವುದು. ಈ ರೂಢಿ ಎಷ್ಟು ಹಳೆಯದೆಂಬುದನ್ನು ಅದರ ನಿಷೇಧದಿಂದಲೇ ತಿಳಿಯಬಹುದು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಮಗುವಿನ ಆಟಿಕೆಗಳನ್ನು ಕುರಿತು ಹೇಳಿದೊಡನೆಯೇ ಒಂದು ಎಚ್ಚರಿಕೆ ಬರುತ್ತದೆ. ಮಗುವನ್ನು ಹೆದರಿಸುವುದು ಒಳ್ಳೆಯದಲ್ಲ. ಅದು ಅತ್ತರೂ, ಉಣ್ಣದಿದ್ದರೂ, ಹೇಳಿದಂತೆ ಕೇಳದಿದ್ದರೂ ರಾಕ್ಷಸ, ಪಿಶಾಚ, ಪೂತನಾ ಮೊದಲಾದವರ ಹೆಸರನ್ನು ಅದರ ಮುಂದೆ ಎತ್ತಬಾರದು. ‘ಉಣ್ಣದಿದ್ದರೂ’ ಎಂಬ ಮಾತನ್ನು ಶಾಸ್ತ್ರಕಾರ ಬೇರೆಯಾಗಿಯೇ ಹೇಳಿದ್ದಾನೆ. ಎರಡು ಸಾವಿರ ವರ್ಷಗಳಷ್ಟು ಹಳೆಯ ಪರಂಪರೆಯ ಈ ಗ್ರಂಥವನ್ನು ಬರೆದವರು ಮನೆಯ ಊಟದ ಹೊತ್ತನ್ನು ಹತ್ತಿರದಿಂದ ಬಲ್ಲವರೇ ಆಗಿರಬೇಕು.

ನಿಷೇಧಕ್ಕೆ ಯಾರೂ ಕಿವಿಗೊಡಲಿಲ್ಲವೆಂಬುದಕ್ಕೆ ಕನ್ನಡದ ಸಾಕ್ಷ್ಯ ಪುರಂದರದಾಸರ (1484–1564) ‘ಗುಮ್ಮನ ಕರೆಯದಿರೆ’ ಎಂಬ ಕೀರ್ತನೆ. ಸಂಗೀತ ಕಛೇರಿಗಳಲ್ಲಿ ಅದರ ಮಾಧುರ್ಯಕ್ಕೆ ತಲೆದೂಗುವವರು ಅದರಲ್ಲಿರುವ ಮಗು ಯಾವುದಕ್ಕೆ ಒಪ್ಪಿಕೊಳ್ಳುತ್ತಿದೆಯೆಂಬುದನ್ನು ಹೆಚ್ಚಾಗಿ ಗಮನಿಸುವುದಿಲ್ಲ. ಯಶೋದೆ ಗುಮ್ಮನನ್ನು ಕರೆಯುವೆನೆಂದು ಬೆದರಿಸಿದ್ದಾಳೆ. ಕೃಷ್ಣನು ಇನ್ನು ಅಮ್ಮಿಯನ್ನು ಕೇಳದೆ ಮಮ್ಮು ಉಣ್ಣುವುದಾಗಿ ಮಾತು ಕೊಡುತ್ತಿದ್ದಾನೆ. ‘ಅಮ್ಮಿ’ ಮೊಲೆಹಾಲಿಗೂ ‘ಮಮ್ಮು’ ಅನ್ನಕ್ಕೂ ಎಳೆಯ ಮಕ್ಕಳ ಮಾತು. ಸುಶ್ರುತನ ಕ್ಷೀರಪನು ಕ್ಷೀರಾನ್ನಾದನಾಗುವ, ಆಮೇಲೆ ಅನ್ನಾದನಾಗುವ ಆ ಕಠಿಣ ಘಳಿಗೆಯೇ ಕೀರ್ತನೆಯ ಸನ್ನಿವೇಶ. ವೈದ್ಯನಿಗೆ ಗ್ರಹವು ಮಗುವಿನ ಹಾಲನ್ನು ಬಿಡಿಸುವ ಶತ್ರು. ಅಡುಗೆಮನೆಯಲ್ಲಿ ಅದೇ ಗ್ರಹದ ಮರಿ ಗುಮ್ಮನಾಗಿ ಹಾಲನ್ನು ಬಿಡಿಸಿ ಅನ್ನವನ್ನು ಉಣ್ಣಿಸುವ ಸಹಾಯಕ. ಪೂತನಿಯನ್ನೇ ಕೊಂದವನನ್ನು ಗುಮ್ಮನ ಹೆಸರಿನಿಂದ ಹೆದರಿಸುತ್ತಿರುವ ತಾಯಿಯ ಮುಗ್ಧತೆ ದಾಸರ ಭಕ್ತಿಗೆ ಒದಗಿದ ಚೋದ್ಯ. ಆದರೆ ಆ ಚೋದ್ಯ ಕೇಳುಗರಿಗೆ ತಟ್ಟಬೇಕಾದರೆ ಪ್ರತಿ ಮನೆಯಲ್ಲಿಯೂ ಗುಮ್ಮನಿರಬೇಕು.

ಹೆದರಿಕೆಗೆ ಬದಲಾಗಿ ಓಲೈಕೆಯ ಚಿತ್ರವೂ ಕನ್ನಡದಲ್ಲಿಲ್ಲದೆ ಇಲ್ಲ. ಹರಿಹರನ ಕೊಡಗೂಸಿನ ರಗಳೆಯಲ್ಲಿ ತಂದೆ ಊರಿಗೆ ಹೋಗುವಾಗ ಶಿವನಿಗೆ ದಿನವೂ ಹಾಲನ್ನರ್ಪಿಸುವ ಕೆಲಸವನ್ನು ಎಳೆಯ ಮಗಳಿಗೆ ಒಪ್ಪಿಸುತ್ತಾನೆ. ನೈವೇದ್ಯವೆಂದರೆ ದೇವರು ನಿಜವಾಗಿಯೂ ಕುಡಿಯುವುದೆಂದು ತಿಳಿದ ಹುಡುಗಿ, ಲಿಂಗ ಕುಡಿಯದಿರಲು, ಬೇಡುತ್ತಾಳೆ, ಅಂಗಲಾಚುತ್ತಾಳೆ, ಅಳುತ್ತಾಳೆ. ತನ್ನನ್ನು ದೊಡ್ಡವರು ಹೇಗೆ ಉಣ್ಣಿಸಿದ್ದರೋ ಹಾಗೆ ಅವಳು ಶಿವನನ್ನು ಉಣ್ಣಿಸಲು ಹೊರಟಿದ್ದಾಳೆ. ಹಟದ ಮಗುವಿನ ಸ್ಥಾನದಲ್ಲಿ ದೇವರಿದ್ದಾನೆ. ಭಕ್ತಿಕಥೆಯಾಗಿ ಪ್ರಸಿದ್ಧವಾದ ಇದು, ಹನ್ನೆರಡು–ಹದಿಮೂರನೆಯ ಶತಮಾನದ ಮನೆಗಳಲ್ಲಿ ಮಕ್ಕಳಿಗೆ ಹಾಲು ಕುಡಿಸುತ್ತಿದ್ದ ರೀತಿಗೂ ಕನ್ನಡಿ. ನೆರೆಯ ತಮಿಳಿನಲ್ಲಿ ಪಾಂಡ್ಯ ಅರಸ ಅರಿವುಡೈ ನಂಬಿಯ ಹೆಸರಿನಲ್ಲಿರುವ ‘ಪುರನಾನೂರು’ ಸಂಕಲನದ 188ನೆಯ ಪದ್ಯ ಮೂರನೆಯ ಬಗೆಯೊಂದನ್ನು ತೋರಿಸುತ್ತದೆ. ಅಲ್ಲಿ ಯಾರೂ ಉಣ್ಣಿಸುವುದಿಲ್ಲ. ಮಗು ತಾನೇ ತಟ್ಟೆಗೆ ಕೈಯಿಟ್ಟು, ತುಪ್ಪದನ್ನವನ್ನು ಕಲಸಿ, ಚೆಲ್ಲಿ, ಮೈಗೆಲ್ಲ ಬಳಿದುಕೊಳ್ಳುತ್ತದೆ. ಅಂಥ ಮಗುವಿಲ್ಲದ ಬಾಳು ಬರಿದೆಂದು ಅರಸನ ಮಾತು.

ಆ ಅನ್ನ ಮೆತ್ತಿದ ಮೈಯ ಪಕ್ಕದಲ್ಲಿ ಸುಕುಮಾರನ ತಟ್ಟೆಯನ್ನಿರಿಸಿ ನೋಡಬೇಕು. ಅವನನ್ನು ಯಾರೂ ಹೆದರಿಸಿಲ್ಲ. ಬಲವಂತವಾಗಿ ಏನನ್ನೂ ಉಣ್ಣಿಸಿಲ್ಲ. ಆದರೆ ಮನೆಯಲ್ಲಿ ಹೆದರಿಕೆ ಇಲ್ಲವೆಂದಲ್ಲ. ಹೆದರಿರುವುದು ತಾಯಿ. ಮಗನ ಮುಖವನ್ನು ಕಂಡೊಡನೆ ಗಂಡ ದೀಕ್ಷೆ ಪಡೆದು ಹೋದನೆಂದು ದಿಗಂಬರ ಪರಂಪರೆಯ ಕಥೆ. ಮಗನೂ ಎಂದು ಋಷಿಯೊಬ್ಬನ ರೂಪವನ್ನು ಕಾಣುವನೋ ಅಂದೇ ತಪಕ್ಕೆ ಹೋಗುವನೆಂದು ಅವಳಿಗೆ ಭವಿಷ್ಯ ನುಡಿಯಲಾಗಿದೆ. ಆಮೇಲೆ ಅವಳು ಮಾಡಿದ್ದೆಲ್ಲವೂ ಆ ಒಂದು ಭಯದ ಫಲ. ಮೂವತ್ತೆರಡು ಮಾಡಗಳು, ಮೂವತ್ತೆರಡು ಹೆಂಡಿರು, ರತ್ನದ ಬೆಳಕು, ತಾವರೆಯ ಅಕ್ಕಿ, ಮತ್ತು ಮುನಿಗಳಿಗೆ ಮುಚ್ಚಿದ ಬಾಗಿಲು. ಕೊನೆಯದರ ಅರ್ಥವನ್ನು ಜೈನ ಓದುಗ ಒಡನೆ ಗ್ರಹಿಸುತ್ತಾನೆ. ಮುನಿಗಳು ಬಾರದ ಮನೆಯಲ್ಲಿ ಆಹಾರದಾನವಿಲ್ಲ. ಊರಿನಲ್ಲೇ ಅತ್ಯಂತ ಕಂಪುಳ್ಳ ಅನ್ನ ಬೇಯುವ ಮನೆಯಿಂದ ಪಾತ್ರದಾನವೆಂಬುದು ತೊಲಗಿಹೋಗಿದೆ. ಮಗನಿಗೆ ಸರಿಹೊಂದದ ಯಾವುದೂ ಒಳಬರಬಾರದೆಂದು ಕಟ್ಟಿದ ಗೋಡೆ ಮೊದಲು ಹೊರಗಿಟ್ಟದ್ದು ಮುನಿಯನ್ನು, ಆಮೇಲೆ ದೀಪವನ್ನು, ಕೊನೆಗೆ ಎರಡನೆಯ ಬಗೆಯ ಅಕ್ಕಿಯನ್ನು.

ಆದ್ದರಿಂದಲೇ ಅರಸನಿಗೆ ಅವಳು ಕೊಟ್ಟ ಉತ್ತರ ಅರ್ಧಸತ್ಯ. ವ್ಯಾಧಿಯಲ್ಲವೆಂದದ್ದು ನಿಜ, ಸೌಕುಮಾರ್ಯವೆಂದದ್ದು ನಿಜವಲ್ಲ. ಶಾಸ್ತ್ರದ ಭಾಷೆಯಲ್ಲಿ ಅದು ಓಕಸಾತ್ಮ್ಯ, ತಾನೇ ಅಭ್ಯಾಸ ಮಾಡಿಸಿ ಮೂಡಿಸಿದ್ದು. ಇದನ್ನು ಕಥೆಗಾರ ಬಾಯಿಬಿಟ್ಟು ಹೇಳುವುದಿಲ್ಲ. ಮೂರು ಲಕ್ಷಣಗಳಿಗೂ ತಾಯಿಯ ಬಾಯಿಂದಲೇ ಕಾರಣ ಹೇಳಿಸುತ್ತಾನೆ. ಮೂರೂ ಕಾರಣಗಳು ಹುಟ್ಟಿನಿಂದ ಬಂದುವಲ್ಲ, ಮನೆಯಿಂದ ಬಂದುವು ಎಂಬುದು ಓದುಗನಿಗೆ ತಾನಾಗಿ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಜೈನಧರ್ಮ ಆಹಾರದ ಆಯ್ಕೆಯನ್ನು ತಪಸ್ಸಾಗಿ ಗೌರವಿಸುತ್ತದೆ. ಆರು ಬಗೆಯ ಬಾಹ್ಯತಪಸ್ಸಿನಲ್ಲಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಎಂಬ ನಾಲ್ಕು ಊಟಕ್ಕೆ ಸಂಬಂಧಿಸಿದವು. ಮೇಲುನೋಟಕ್ಕೆ, ಒಂದೇ ಅನ್ನವನ್ನು ಉಂಡು ಉಳಿದುದನ್ನು ಒಲ್ಲೆನೆನ್ನುವ ಸುಕುಮಾರನೂ ನಿಯಮವುಳ್ಳವನಂತೆ ಕಾಣುತ್ತಾನೆ. ಆದರೆ ರಸವನ್ನು ಬಿಡುವುದಕ್ಕೂ ರಸವನ್ನು ಅರಿಯದಿರುವುದಕ್ಕೂ ಬಹಳ ಅಂತರ. ತ್ಯಾಗಕ್ಕೆ ಮೊದಲು ಪರಿಚಯ ಬೇಕು. ಅಗುಳನ್ನು ಉಗುಳುವಾಗ ಅವನು ಏನನ್ನೂ ತ್ಯಜಿಸುತ್ತಿಲ್ಲ; ಅವನ ನಾಲಗೆ ಅವನ ಪರವಾಗಿ ತೀರ್ಮಾನ ಮಾಡುತ್ತಿದೆ. ಊಟದ ಸನ್ನಿವೇಶವನ್ನು ದೀಕ್ಷೆಗೆ ಮುನ್ನವೇ ತಂದಿರಿಸಿದ ಕಥನಕೌಶಲದ ಹಿಂದೆ ಈ ವಿವೇಚನೆ ಇರಬೇಕು.

ಏಕೆಂದರೆ ಮುಂದಿನ ತ್ಯಾಗ ನಿಜವಾದದ್ದು. ಮನೆಗೆ ಸಮೀಪದಲ್ಲಿ ತಂಗಿದ್ದ ಆಚಾರ್ಯರು ನಸುಕಿನಲ್ಲಿ ಲೋಕಸ್ವರೂಪವನ್ನು ವರ್ಣಿಸುವ ಪಾಠವನ್ನು ಓದುವ ದನಿ ಮಾಡದವರೆಗೂ ಕೇಳಿಬರುತ್ತದೆ. ಗೋಡೆ ರೂಪವನ್ನು ತಡೆಯಿತು, ದನಿಯನ್ನು ತಡೆಯಲಿಲ್ಲ. ಸುಕುಮಾರನಿಗೆ ಹಿಂದಿನ ಜನ್ಮಗಳ ಸ್ಮರಣೆಯಾಗುತ್ತದೆ. ಬಟ್ಟೆಗಳನ್ನು ಗಂಟಿಕ್ಕಿ ಹಗ್ಗಮಾಡಿ ಇಳಿದು ಹೋಗಿ, ತನ್ನ ಆಯುಷ್ಯ ಮೂರೇ ದಿನವೆಂದು ತಿಳಿದು, ದೀಕ್ಷೆ ಪಡೆದು, ಆಹಾರವನ್ನೂ ಶರೀರವನ್ನೂ ತೊರೆದು ನಿಲ್ಲುತ್ತಾನೆ. ನೆಲವನ್ನು ಮೆಟ್ಟಿ ಅಭ್ಯಾಸವಿಲ್ಲದ ಪಾದಗಳಿಂದ ದಾರಿಯುದ್ದಕ್ಕೂ ನೆತ್ತರು ಸುರಿದಿದೆ. ಆ ನೆತ್ತರಿನ ಜಾಡು ಹಿಡಿದು ಹೆಣ್ಣುನರಿಯೊಂದು ಮರಿಗಳೊಡನೆ ಬರುತ್ತದೆ. ಹಿಂದಿನ ಜನ್ಮದಲ್ಲಿ ಅವನ ಅತ್ತಿಗೆಯಾಗಿದ್ದು, ಅವನ ಕಾಲಿನಿಂದ ಒದೆಸಿಕೊಂಡು, ಆ ಕಾಲನ್ನೇ ತಿನ್ನುವೆನೆಂದು ಹಗೆ ಹೊತ್ತ ಜೀವ ಅದು. ಮೂರು ಇರುಳು ಅದು ತಾನು ತಿನ್ನುತ್ತದೆ, ಮರಿಗಳಿಗೂ ಉಣಿಸುತ್ತದೆ. ಅನ್ನದ ಬೆರಕೆಯನ್ನು ಸಹಿಸದವನು ಇದನ್ನು ಸಹಿಸುತ್ತಾನೆ. ಯಶೋಭದ್ರೆಯ ಕಥೆ ಮರಿಗಳಿಗೆ ಉಣಿಸುವ ಮತ್ತೊಬ್ಬ ತಾಯಿಯಲ್ಲಿ ಕೊನೆಗೊಳ್ಳುವುದು ಆಕಸ್ಮಿಕವಾಗಿರಲಾರದು.

ಕನ್ನಡದಲ್ಲಿ ಈ ಕಥೆ ಮತ್ತೆ ಬಂದದ್ದು 1068ರಲ್ಲಿ, ಶಾಂತಿನಾಥನ ‘ಸುಕುಮಾರಚರಿತೆ’ಯಲ್ಲಿ. ಒಂದೇ ಕಥೆಯನ್ನು ಹತ್ತನೆಯ ಶತಮಾನದ ಗದ್ಯದಲ್ಲಿಯೂ ಹನ್ನೊಂದನೆಯ ಶತಮಾನದ ಚಂಪುವಿನಲ್ಲಿಯೂ ಓದುವ ಅವಕಾಶ ಹಳಗನ್ನಡದಲ್ಲಿ ಅಪರೂಪ. ಎರಡರ ಭೋಜನಪ್ರಸಂಗಗಳನ್ನಷ್ಟೇ ತೆಗೆದುಕೊಂಡು ತಾಯಿಯ ಮಾತಿಗೆ ಯಾವ ಕವಿ ಎಷ್ಟು ಎಡೆಗೊಟ್ಟನೆಂದು ಹೋಲಿಸುವುದು ಸಂಶೋಧನ ವಿದ್ಯಾರ್ಥಿಯೊಬ್ಬನಿಗೆ ಸಾಕಷ್ಟು ಕೆಲಸವಾದೀತು.

ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರರು ಹನ್ನೆರಡನೆಯ ಶತಮಾನದ ‘ಪರಿಶಿಷ್ಟಪರ್ವ’ದಲ್ಲಿ ಇದೇ ಅವಂತಿಸುಕುಮಾಲನ ಕಥೆಯನ್ನು ಹೇಳುತ್ತಾರೆ. ತಾಯಿಯ ಹೆಸರು ಅಲ್ಲಿ ಭದ್ರಾ. ಮಗನು ನರಿಗೆ ಆಹಾರವಾದ ಜಾಗವನ್ನು ಕಂಡು ಗೋಳಾಡಿದ ಮೇಲೆ ಅವಳೂ ಸೊಸೆಯರೂ ದೀಕ್ಷೆ ಪಡೆಯುತ್ತಾರೆ. ಗರ್ಭಿಣಿಯಾದ ಸೊಸೆಯೊಬ್ಬಳು ಮಾತ್ರ ಮನೆಯಲ್ಲಿ ಉಳಿಯುತ್ತಾಳೆ. ಅವಳ ಮಗ ದೊಡ್ಡವನಾಗಿ ತಂದೆ ಮಡಿದ ನೆಲದಲ್ಲಿ ದೇವಾಲಯವೊಂದನ್ನು ಕಟ್ಟಿಸಿದನೆಂದು ಹೇಮಚಂದ್ರರು ಬರೆಯುತ್ತಾರೆ. ಆ ಮನೆಯಲ್ಲಿ ಅವನಿಗೆ ಯಾವ ಅನ್ನವನ್ನು ಉಣಿಸಿ ಬೆಳೆಸಿದರೆಂಬುದನ್ನು ಅವರು ಹೇಳಿಲ್ಲ.